ಮೂವತ್ತೈದು ದಾಟಿದ ಸಿಪಿ ಕಾಲುಗಳು

ಸೆರೆಬ್ರಲ್ ಪಾಲ್ಸಿ, ಅಂದರೆ ಸಿಪಿ, ಹುಟ್ಟುವ ಆಸುಪಾಸಿನಲ್ಲಿ ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆ ಕೆಡುವ ತೊಂದರೆ. ಆ ಪೆಟ್ಟು ವಯಸ್ಸಾದ ಹಾಗೆ ಜಾಸ್ತಿಯಾಗುವುದಿಲ್ಲ. ಚಿಕ್ಕಂದಿನಿಂದ ಎಲ್ಲ ಡಾಕ್ಟರೂ ಅಮ್ಮನಿಗೆ ಹೇಳಿದ್ದು ಇದನ್ನೇ. ಮಾತು ನಿಜ. ಆದರೆ ಆ ಮೆದುಳಿನ ಕೈಕೆಳಗೆ ದಿನವಿಡೀ ದುಡಿಯುವ ಕಾಲುಗಳ ಗತಿ ಏನು ಅಂತ ಯಾರೂ ಹೇಳಿರಲಿಲ್ಲ. ಮೂವತ್ತು ದಾಟಿದ ಮೇಲೆ ಕಾಲುಗಳೇ ಹೇಳತೊಡಗಿದವು.

ನನಗಿರುವುದು ಸ್ಪಾಸ್ಟಿಕ್ ಡೈಪ್ಲೀಜಿಯಾ. ತಿಂಗಳು ತುಂಬುವ ಮೊದಲೇ ಹುಟ್ಟಿದವಳು ನಾನು. ಕೈಗಳಲ್ಲಿ ಅಂಥ ತೊಂದರೆ ಇಲ್ಲ, ಕಾಲು ಎರಡೂ ಬಿಗಿ. ಮಂಡಿ ಸ್ವಲ್ಪ ಬಗ್ಗಿಯೇ ಇರುತ್ತದೆ, ತೊಡೆಗಳು ಒಂದಕ್ಕೊಂದು ಉಜ್ಜುತ್ತವೆ, ಬಲಗಾಲಿನ ಹಿಮ್ಮಡಿ ನೆಲಕ್ಕೆ ಸರಿಯಾಗಿ ತಾಕುವುದಿಲ್ಲ. ಊರುಗೋಲಿಲ್ಲದೆ ನಡೆಯುತ್ತೇನೆ. ಮೆಟ್ಟಿಲು ಹತ್ತಲು ಕಂಬಿ ಬೇಕು. ಮೈಸೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಕಾಲೇಜು, ಬಸ್ಸು, ಕೌಂಟರ್ ಎಲ್ಲವನ್ನೂ ಈ ಕಾಲುಗಳಲ್ಲೇ ನಿಭಾಯಿಸಿದ್ದೆ.

ಮೂವತ್ತೈದರ ಹೊತ್ತಿಗೆ ಸಂಜೆಯಾದರೆ ಮಂಡಿಚಿಪ್ಪಿನ ಸುತ್ತ ನೋವು ಶುರುವಾಯಿತು. ಬಲಗಾಲಿನ ಶೂ ತುದಿ ಬೇಗ ಬೇಗ ಸವೆಯುತ್ತಿತ್ತು. ಹೊಲಿಯುವವರು, 'ಏನಮ್ಮಾ, ಕಾಲಲ್ಲಿ ಬ್ರೇಕ್ ಹಾಕ್ತೀರಾ?' ಅಂತ ಕೇಳಿದರು. ನಕ್ಕೆ. ಆದರೆ ಅವರು ಹೇಳಿದ್ದು ಸರಿಯಾಗಿತ್ತು, ಹೆಜ್ಜೆ ಎತ್ತುವಾಗ ತುದಿ ನೆಲಕ್ಕೆ ಕೆರೆಯುತ್ತಿತ್ತು. ಬಸ್ ಸ್ಟ್ಯಾಂಡಿನಿಂದ ಬ್ಯಾಂಕಿನ ತನಕ ಮೊದಲು ಆರಾಮಾಗಿ ಬರುತ್ತಿದ್ದವಳು ಈಗ ನಡುವೆ ಎಲ್ಲಾದರೂ ನಿಲ್ಲಬೇಕಾಗುತ್ತಿತ್ತು. ನಿಂತಿದ್ದು ಯಾರಿಗೂ ಗೊತ್ತಾಗಬಾರದು ಅಂತ ಫೋನ್ ತೆಗೆದು ನೋಡುವುದು.

ಮಂಡಿ ಬಗ್ಗಿಸಿಕೊಂಡೇ ಹತ್ತು ನಿಮಿಷ ನಿಂತು ನೋಡಿ, ತೊಡೆಯ ಮುಂಭಾಗ ಉರಿಯುತ್ತದೆ. ನಾವು ನಡೆಯುವುದು ಹಾಗೆಯೇ. ತೊಡೆಯ ಸ್ನಾಯುವಿಗೆ ಒಂದು ಹೆಜ್ಜೆಯಲ್ಲೂ ಬಿಡುವಿಲ್ಲ. ಅದೇ ದೂರಕ್ಕೆ ಉಳಿದವರಿಗಿಂತ ಜಾಸ್ತಿ ಶಕ್ತಿ ಖರ್ಚಾಗುತ್ತದೆ. ಹದಿನೆಂಟರಲ್ಲಿ ಖರ್ಚು ಮಾಡಲು ಇತ್ತು. ಈಗ ಇಲ್ಲ, ಅಷ್ಟೇ.

ತೋರಿಸಲು ಹೋದ ಮೊದಲ ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು 'ಸಿಪಿ' ಅಂತ ಕೇಳಿದ ಕೂಡಲೇ ಮಕ್ಕಳ ವಿಭಾಗಕ್ಕೆ ಕಳಿಸಿದರು. ಗೋಡೆ ತುಂಬ ಜಿರಾಫೆ, ಆನೆ. ಅಲ್ಲಿದ್ದವರು, 'ನಾವು ದೊಡ್ಡವರನ್ನು ನೋಡೋದಿಲ್ಲ' ಅಂದರು. ಮೂಳೆ ವಿಭಾಗದಲ್ಲಿ ಎಕ್ಸ್‌ರೇ ನೋಡಿ ನೋವಿನ ಮಾತ್ರೆ ಕೊಟ್ಟರು. ಈ ಕಾಯಿಲೆಯ ಲೋಕ ಪೂರ್ತಿ ಮಕ್ಕಳ ಸುತ್ತ ಕಟ್ಟಿದ್ದು. ನಡೆಯುವ ಸಾಮರ್ಥ್ಯವನ್ನು ಐದು ಹಂತಗಳಲ್ಲಿ ಅಳೆಯುವ ಜಿಎಂಎಫ್‌ಸಿಎಸ್ ಅನ್ನುವ ಪಟ್ಟಿ ಇದೆ, ಕೆನಡಾದಲ್ಲಿ 1997ರಲ್ಲಿ ಬಂದದ್ದು. ಅದರ ಪ್ರಕಾರ ನಾನು ಎರಡನೇ ಹಂತ. ಆ ಪಟ್ಟಿಯ ವಿವರಣೆಯೂ 18 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ನಾವೇನು ಮಾಯವಾಗಿ ಬಿಡ್ತೀವಾ?

ಕೊನೆಗೆ ಸಹೋದ್ಯೋಗಿಯೊಬ್ಬರ ತಂದೆಗೆ ಸ್ಟ್ರೋಕ್ ಆದಾಗ ನೋಡಿದ ಫಿಸಿಯೋ ಒಬ್ಬರ ವಿಳಾಸ ಸಿಕ್ಕಿತು. ನನಗಿಂತ ಚಿಕ್ಕ ಹುಡುಗಿ. ನರರೋಗಿಗಳನ್ನೇ ಹೆಚ್ಚಾಗಿ ನೋಡುತ್ತಾರೆ. ಹೋದ ದಿನ ಯಾವ ವ್ಯಾಯಾಮವನ್ನೂ ಹೇಳಿಕೊಡಲಿಲ್ಲ. ಬರೀ ಅಳೆದರು.

ಆ ಅಳತೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ. ನನ್ನನ್ನು ಅಂಗಾತ ಮಲಗಿಸಿ ಪಾದವನ್ನು ಸರಕ್ಕನೆ ಮೇಲಕ್ಕೆ ತಳ್ಳಿದರು. ಅರ್ಧದಲ್ಲೇ ಗಕ್ಕನೆ ತಡೆಯಿತು, ಪಾದ ಗಡಗಡ ನಡುಗಿತು. ಆಮೇಲೆ ಅದೇ ಪಾದವನ್ನು ನಿಧಾನವಾಗಿ ತಳ್ಳಿದರು. ಈ ಸಲ ಮೊದಲು ತಡೆದ ಜಾಗ ದಾಟಿ ಮುಂದೆ ಹೋಯಿತು. ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು ಎರಡೂ ಕೋನ ಬರೆದುಕೊಂಡರು. ಇದಕ್ಕೆ ಟಾರ್ಡ್ಯೂ ಪರೀಕ್ಷೆ ಅಂತ ಹೆಸರು. 'ಮೇಡಂ, ಜೋರಾಗಿ ತಳ್ಳಿದಾಗ ತಡೆಯೋದು ಮೆದುಳು ಕೊಡೋ ಬಿಗಿ. ನಿಧಾನವಾಗಿ ತಳ್ಳಿದ ಮೇಲೂ ಕೊನೆಗೆ ಒಂದು ಕಡೆ ನಿಲ್ಲುತ್ತಲ್ಲ, ಅದು ಸ್ನಾಯುವೇ ಗಿಡ್ಡ ಆಗಿರೋದು. ಎರಡೂ ಬೇರೆ ಬೇರೆ' ಅಂದರು. ಹುಟ್ಟಿದಾಗಿನಿಂದ ಹೊತ್ತುಕೊಂಡು ಬಂದ ಕಾಲುಗಳ ಬಗ್ಗೆ ಇದು ನನಗೆ ಹೊಸ ಸುದ್ದಿ.

ಇನ್ನೊಂದು ಸುದ್ದಿ ಎಡಗಾಲಿನದು. ಚಿಕ್ಕವಳಿದ್ದಾಗ ನನ್ನ ಎರಡೂ ಹಿಮ್ಮಡಿಯ ನರಕ್ಕೆ, ಅಂದರೆ ಅಕಿಲೀಸ್ ಸ್ನಾಯುರಜ್ಜುವಿಗೆ, ಉದ್ದ ಮಾಡುವ ಆಪರೇಷನ್ ಆಗಿತ್ತು. ಇದು ಹಳೆಯ ವಿದ್ಯೆ. ಸಿಪಿಯನ್ನು ಮೊದಲು ವಿವರವಾಗಿ ಬರೆದ ಲಂಡನ್ನಿನ ಡಾಕ್ಟರ್ ವಿಲಿಯಂ ಲಿಟಲ್ ತಮ್ಮದೇ ಸೊಟ್ಟ ಪಾದಕ್ಕೆ 1836ರಲ್ಲಿ ಜರ್ಮನಿಗೆ ಹೋಗಿ ಸ್ಟ್ರೋಮಾಯರ್ ಅನ್ನುವವರ ಹತ್ತಿರ ಹಿಮ್ಮಡಿಯ ನರ ಕತ್ತರಿಸಿಕೊಂಡು ಬಂದಿದ್ದರಂತೆ. ನನ್ನ ಬಲಗಾಲು ಬೆಳೆಯುತ್ತಾ ಮತ್ತೆ ಗಿಡ್ಡವಾಯಿತು. ಎಡಗಾಲಿನದು ಉದ್ದವಾಗಿಯೇ ಉಳಿಯಿತು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ. ಎಡಗಡೆಯ ಮೀನಖಂಡಕ್ಕೆ ಬಲ ಕಡಿಮೆ. ಹೆಜ್ಜೆ ಊರಿದಾಗ ಕಣಕಾಲು ಮುಂದಕ್ಕೆ ಕುಸಿಯುತ್ತದೆ, ಅದರ ಹಿಂದೆ ಮಂಡಿಯೂ ಬಗ್ಗುತ್ತದೆ. ಹಿಮ್ಮಡಿ ನೆಲಕ್ಕೆ ತಾಕುತ್ತಿದೆ ಅಂತ ನಾವೆಲ್ಲ ಎಡಗಾಲನ್ನೇ ಒಳ್ಳೆಯ ಕಾಲು ಅಂದುಕೊಂಡಿದ್ದೆವು.

ಹಾಗಾಗಿ ಬಂದ ಆಜ್ಞೆ ವಿಚಿತ್ರವಾಗಿತ್ತು. ಮೀನಖಂಡದ ಸ್ಟ್ರೆಚಿಂಗ್ ಬಲಗಾಲಿಗೆ ಮಾತ್ರ. ಎಡಗಾಲಿಗೆ ಬೇಡವೇ ಬೇಡ. ಅಮ್ಮ ಕೆಲವು ದಿನ ಸುಮ್ಮನೆ ನೋಡಿದರು. ಆಮೇಲೆ ತಡೆಯಲಾಗಲಿಲ್ಲ. 'ಒಂದೇ ಕಾಲಿಗೆ ಮಾಡ್ತೀಯಲ್ಲೇ, ಇನ್ನೊಂದು ಏನು ಪಾಪ ಮಾಡಿತ್ತು?'

ಬಲಗಾಲಿನ ಸ್ಟ್ರೆಚಿಂಗ್ ನೋಡಲು ತುಂಬ ಸುಲಭ. ಗೋಡೆಗೆ ಎರಡೂ ಕೈ ಕೊಟ್ಟು ನಿಲ್ಲಬೇಕು. ಬಲಗಾಲು ಹಿಂದೆ, ಮಂಡಿ ನೆಟ್ಟಗೆ, ಹಿಮ್ಮಡಿ ಕೆಳಗೆ. ಸೊಂಟವನ್ನು ಗೋಡೆಯ ಕಡೆ ತರಬೇಕು. ಮೀನಖಂಡದಲ್ಲಿ ಎರಡು ಸ್ನಾಯು ಇವೆ. ಮೇಲಿನದು ಮಂಡಿಯನ್ನೂ ದಾಟಿ ಹೋಗುತ್ತದೆ, ಅದಕ್ಕೆ ಮಂಡಿ ನೆಟ್ಟಗಿರಬೇಕು. ಒಳಗಿನದು ಮಂಡಿಯ ಕೆಳಗೇ ಶುರುವಾಗುತ್ತದೆ, ಅದನ್ನು ಎಳೆಯಲು ಮಂಡಿ ಸ್ವಲ್ಪ ಬಗ್ಗಿಸಿ ಇನ್ನೊಮ್ಮೆ ಮಾಡಬೇಕು. ಇಷ್ಟು ಯಾವ ವಿಡಿಯೋದಲ್ಲೂ ಸಿಗುತ್ತದೆ. ನಮ್ಮಂಥ ಪಾದಗಳು ಮಾಡುವ ಕಳ್ಳಾಟ ಸಿಗುವುದಿಲ್ಲ. ಬಿಗಿಯಾದ ಮೀನಖಂಡದ ಮೇಲೆ ಭಾರ ಬಿದ್ದರೆ ಹಿಮ್ಮಡಿ ಜಗ್ಗುವುದಿಲ್ಲ. ಬದಲಿಗೆ ಪಾದದ ನಡುಭಾಗ ಒಳಕ್ಕೆ ಕುಸಿದು ಚಪ್ಪಟೆಯಾಗುತ್ತದೆ. ಹೊರಗಿನಿಂದ ನೋಡಿದರೆ ಹಿಮ್ಮಡಿ ನೆಲ ಮುಟ್ಟಿದ ಹಾಗೇ ಕಾಣುತ್ತದೆ. ಎಳೆದದ್ದು ಮಾತ್ರ ಪಾದದ ಕೀಲನ್ನು. ಅದಕ್ಕೇ ಫಿಸಿಯೋ ನನಗೆ ಶೂ ಹಾಕಿಕೊಂಡೇ ಮಾಡಲು ಹೇಳಿದರು. ಒಳಗಡೆ ಪಾದದ ಕಮಾನಿನ ಕೆಳಗೆ ಮಡಿಸಿದ ಬಟ್ಟೆ, ಬೆರಳುಗಳು ನೇರ ಗೋಡೆಯ ಕಡೆಗೆ. ಹೊರಕ್ಕೆ ತಿರುಗಿದರೆ ಮತ್ತೆ ಅದೇ ಕಳ್ಳಾಟ. ಹೀಗೆ ಮಾಡಿದಾಗ ಹಿಮ್ಮಡಿ ನೆಲದಿಂದ ಒಂದು ಬೆರಳು ಮೇಲೇ ನಿಂತಿತು. ನಿಜವಾದ ಅಳತೆ ಅದು. ಹಿಮ್ಮಡಿಯ ಕೆಳಗೂ ಒಂದು ಮಡಿಕೆ ಬಟ್ಟೆ ಇಟ್ಟು, ಅದರ ಮೇಲೆ ಭಾರ ಬಿಡಲು ಹೇಳಿದರು.

ಕುಲುಕಬಾರದು. ಜಿಮ್ಮಿನಲ್ಲಿ ಕೆಲವರು ಪುಟಿಯುತ್ತಾ ಸ್ಟ್ರೆಚ್ ಮಾಡುವುದನ್ನು ನೋಡಿರುತ್ತೀರಿ. ನಮಗೆ ಅದು ಉಲ್ಟಾ ಕೆಲಸ. ಜೋರಾಗಿ ಎಳೆದಷ್ಟೂ ಸ್ನಾಯು ತಿರುಗಿ ಬಿಗಿಯುತ್ತದೆ. ನಿಧಾನವಾಗಿ ಹೋಗಿ, ತಡೆಯುವ ಜಾಗದಲ್ಲಿ ನಿಂತು, ಉಸಿರು ಬಿಡುತ್ತಾ ಕಾಯಬೇಕು. ಅರ್ಧ ನಿಮಿಷದಿಂದ ಒಂದು ನಿಮಿಷ. ಹದಿನೈದು ಇಪ್ಪತ್ತು ಸೆಕೆಂಡ್ ಆದ ಮೇಲೆ ಒಳಗೆ ಏನೋ ಸಡಿಲವಾದ ಹಾಗೆ ಆಗುತ್ತದೆ. ಅಲ್ಲಿಂದ ಮುಂದಿನದೇ ಲೆಕ್ಕಕ್ಕೆ. ಎಳೆತ ಗೊತ್ತಾಗಬೇಕು, ಚುಚ್ಚುವ ನೋವು ಬರಬಾರದು. ಡಿಸೆಂಬರ್ ಬೆಳಗ್ಗೆಗಳಲ್ಲಿ ಬಿಗಿತ ಎರಡು ಪಟ್ಟು. ಚಳಿ ನಮ್ಮ ಶತ್ರು. ಬಿಸಿನೀರಿನ ಸ್ನಾನ ಮುಗಿದ ಕೂಡಲೇ ಮಾಡಿದರೆ ಅರ್ಧ ಕೆಲಸ ಆದ ಹಾಗೆ. ಗಾಬರಿಯೂ ಅಷ್ಟೇ, ಆಡಿಟ್ ಇರುವ ದಿನ ಕಾಲು ಮರದ ತುಂಡು.

ತೊಡೆಯ ಹಿಂಭಾಗದ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಬಗ್ಗೆ ನನಗೂ ಅವರಿಗೂ ದೊಡ್ಡ ವಾದವೇ ಆಯಿತು. ಮಂಡಿ ಬಗ್ಗಿದೆ ಅಂದರೆ ಹಿಂದಿನ ಸ್ನಾಯು ಗಿಡ್ಡ, ಅದನ್ನು ಎಳೆಯಬೇಕು, ಅಲ್ವಾ? ಚಿಕ್ಕಂದಿನಲ್ಲಿ ಅಜ್ಜಿ ಹರಳೆಣ್ಣೆ ಹಚ್ಚಿ ಎಳೆಯುತ್ತಿದ್ದುದು ಅದನ್ನೇ. ಫಿಸಿಯೋ ಒಪ್ಪಲಿಲ್ಲ. ನನ್ನನ್ನು ಮಂಚದ ತುದಿಯಲ್ಲಿ ಮಲಗಿಸಿ, ಒಂದು ಮಂಡಿಯನ್ನು ಎದೆಗೆ ಒತ್ತಿ ಹಿಡಿಸಿ, ಇನ್ನೊಂದು ಕಾಲನ್ನು ಕೆಳಗೆ ಇಳಿಬಿಡಲು ಹೇಳಿದರು. ಇಳಿಯಲೇ ಇಲ್ಲ. ತೊಡೆ ಗಾಳಿಯಲ್ಲೇ ನಿಂತಿತು. ಸೊಂಟದ ಮುಂದಿನ ಸ್ನಾಯುಗಳು ಅಷ್ಟು ಗಿಡ್ಡ. ಅವು ಸೊಂಟವನ್ನು ಮುಂದಕ್ಕೆ ಬಾಗಿಸಿ ಹಿಡಿದಿರುತ್ತವೆ. ಸೊಂಟ ಮುಂದಕ್ಕೆ ಬಾಗಿದರೆ ಹ್ಯಾಮ್‌ಸ್ಟ್ರಿಂಗ್‌ನ ಮೇಲಿನ ತುದಿ ಆಗಲೇ ಮೇಲಕ್ಕೆ ಎಳೆಸಿಕೊಂಡಿರುತ್ತದೆ. ಮುಟ್ಟಿದರೆ ತಂತಿಯ ಹಾಗಿರುತ್ತದೆ, ಆದರೆ ಗಿಡ್ಡ ಆಗಿರಲೇಬೇಕು ಅಂತಿಲ್ಲ. ಅದನ್ನೇ ಇನ್ನೂ ಎಳೆದರೆ ಸೊಂಟ ಇನ್ನೂ ಮುಂದಕ್ಕೆ ಬೀಳುತ್ತದೆ. ಮೊದಲು ಮುಂಭಾಗ ಬಿಡಿಸೋಣ ಅಂದರು.

ದಿನದಲ್ಲಿ ಏಳೆಂಟು ಗಂಟೆ ಕೌಂಟರ್‌ನಲ್ಲಿ ಕೂರುವವಳ ಸೊಂಟದ ಮುಂಭಾಗ ಗಿಡ್ಡವಾಗದೆ ಇನ್ನೇನು? ಅದಕ್ಕೆ ಕೊಟ್ಟ ಔಷಧಿ ಬೋರಲು ಮಲಗುವುದು. ಸಂಜೆ ಮನೆಗೆ ಬಂದು ಚಾಪೆಯ ಮೇಲೆ ಬೋರಲು ಬಿದ್ದುಕೊಂಡು ಇಪ್ಪತ್ತು ನಿಮಿಷ. ಮೊದಮೊದಲು ಹೊಟ್ಟೆಯ ಕೆಳಗೆ ದಿಂಬು ಬೇಕಿತ್ತು, ಆಮೇಲೆ ತೆಗೆದೆವು. ಟಿವಿ ನೋಡುತ್ತಾ ಮಾಡಬಹುದಾದ ಏಕೈಕ ವ್ಯಾಯಾಮ, ಅದಕ್ಕೇ ಜ್ವರ ಬಂದ ದಿನಗಳನ್ನು ಬಿಟ್ಟರೆ ಇದೊಂದನ್ನು ನಾನು ಎಂದೂ ತಪ್ಪಿಸಿಲ್ಲ. ಅದಾದ ಮೇಲೆ ಮಂಚದ ತುದಿಯದು. ಒಂದು ಮಂಡಿ ಎದೆಗೆ, ಇನ್ನೊಂದು ಕಾಲು ಕೆಳಗೆ. ಎದೆಗೆ ಹಿಡಿದ ಮಂಡಿಯನ್ನು ಬಿಡಬಾರದು, ಬಿಟ್ಟರೆ ಸೊಂಟ ಕಮಾನಾಗಿ ಮೋಸ ಮಾಡುತ್ತದೆ. ತೊಡೆಸಂದಿನದು ಸುಲಭ, ಗೋಡೆಗೆ ಕಾಲು ಚಾಚಿ ಮಲಗಿ ಎರಡೂ ಕಾಲು ತಾವಾಗಿಯೇ ಅಗಲವಾಗಲು ಬಿಡುವುದು.

ಮೊದಲ ದಿನಗಳಲ್ಲೇ ನಾನು ಕೇಳಿದೆ, 'ಇದರಿಂದ ಸ್ನಾಯು ಉದ್ದ ಆಗುತ್ತಾ?' 'ಹಾಗಂತ ಹೇಳಿದರೆ ಸುಳ್ಳಾಗುತ್ತೆ ಮೇಡಂ' ಅಂದರು. 2017ರಲ್ಲಿ ಕಾಕ್ರೇನ್ ಸಂಸ್ಥೆ ಸ್ಟ್ರೆಚಿಂಗ್ ಬಗ್ಗೆ ನಡೆದ 49 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತ್ತು. ಸಿಪಿ ಅಷ್ಟೇ ಅಲ್ಲ, ಸ್ಟ್ರೋಕ್, ಬೆನ್ನುಹುರಿ ಪೆಟ್ಟು ಎಲ್ಲ ಸೇರಿ. 7 ತಿಂಗಳಿಗಿಂತ ಕಡಿಮೆ ಕಾಲ ಮಾಡಿದರೆ ಕೀಲಿನ ಚಲನೆಯಲ್ಲಿ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸ ಆಗುವುದಿಲ್ಲ ಅನ್ನುವುದು ಅದರ ತೀರ್ಮಾನ. ಅದಕ್ಕಿಂತ ಹೆಚ್ಚು ಕಾಲ ಮಾಡಿದರೆ ಏನು ಅಂತ ಅಧ್ಯಯನಗಳೇ ಇರಲಿಲ್ಲ. ಕಾರಣದ ಒಂದು ಎಳೆ ಸ್ನಾಯುವಿನ ಒಳಗೇ ಇದೆ. ಸ್ನಾಯುವಿನ ಎಳೆಯಲ್ಲಿ ಸಾರ್ಕೊಮಿಯರ್ ಅನ್ನುವ ಚಿಕ್ಕ ಚಿಕ್ಕ ತುಂಡುಗಳು ಸರದ ಮಣಿಗಳ ಹಾಗೆ ಸಾಲಾಗಿರುತ್ತವೆ. ಸಿಪಿಯಲ್ಲಿ ಮಣಿಗಳ ಸಂಖ್ಯೆ ಕಡಿಮೆ, ಇರುವ ಒಂದೊಂದೂ ಆಗಲೇ ಜಗ್ಗಿ ಉದ್ದವಾಗಿರುತ್ತದೆ. ಹೊರಗಿನಿಂದ ಎಳೆದರೆ ಹೊಸ ಮಣಿ ಸೇರುತ್ತದೆ ಅನ್ನಲು ಆಧಾರ ಇಲ್ಲ.

ಸಿಟ್ಟು ಬಂತು. ಹಾಗಾದರೆ ಯಾಕೆ ಮಾಡಬೇಕು?

ಅವರ ಉತ್ತರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಿಧಾನವಾಗಿ ಎಳೆದು ಹಿಡಿದರೆ ಮೆದುಳು ಕೊಡುವ ಬಿಗಿ ಸ್ವಲ್ಪ ಹೊತ್ತು ಇಳಿಯುತ್ತದೆ. ಕೆಲವರಿಗೆ ಅರ್ಧ ಗಂಟೆ, ಕೆಲವರಿಗೆ ಇನ್ನೂ ಸ್ವಲ್ಪ. ಆ ಹೊತ್ತಿನಲ್ಲಿ ಕಾಲಿಗೆ ಸಿಗದೆ ಇದ್ದ ಜಾಗ ಸಿಗುತ್ತದೆ. ಆ ಜಾಗವನ್ನು ಆಗಲೇ ಬಳಸಬೇಕು. ಸ್ಟ್ರೆಚ್ ಮಾಡಿ ಹೋಗಿ ಕುರ್ಚಿಯಲ್ಲಿ ಕೂತರೆ ಕೈಗೆ ಬಂದದ್ದು ಹಾಗೇ ಹೋಗುತ್ತದೆ. ಹಾಗಾಗಿ ನನಗೆ ಸ್ಟ್ರೆಚಿಂಗ್ ಅನ್ನುವುದು ಮುಖ್ಯ ಅಡುಗೆಗೆ ಮೊದಲಿನ ಕೆಲಸ. ಬೋರಲು ಮಲಗಿ ಎದ್ದ ಮೇಲೆ ಬೆನ್ನಡಿ ಎತ್ತುವುದು, ಅಂದರೆ ಮಂಡಿ ಮಡಿಸಿ ಅಂಗಾತ ಮಲಗಿ ಪೃಷ್ಠವನ್ನು ಮೇಲೆತ್ತಿ ಹಿಡಿಯುವುದು. ಗೋಡೆಗೆ ಒರಗಿ ಅರ್ಧ ಕೂತು ಏಳುವುದು. ಎಡಗಾಲಿಗೆ ಹಿಮ್ಮಡಿ ಎತ್ತಿ ಇಳಿಸುವುದು, ಅಡುಗೆಕಟ್ಟೆ ಹಿಡಿದುಕೊಂಡು. ಅಮ್ಮನ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು, ಎಡಗಾಲಿಗೂ ಕೆಲಸ ಬಂತು. ಇದೆಲ್ಲ ಮುಗಿದ ಕೂಡಲೇ ಹೊರಗೆ ಹೋಗಿ ನಡಿಗೆ. ನಮ್ಮ ಬೀದಿಯ ತುದಿಯ ಹಾಲಿನ ಬೂತಿನ ತನಕ. ಹಿಮ್ಮಡಿ ಮೊದಲು ಊರು, ಮಂಡಿ ನೆಟ್ಟಗೆ ಮಾಡು, ಹಿಂದಿನ ಕಾಲನ್ನು ಹಿಂದೆ ಬಿಡು. ಮೂರನೆಯದೇ ಕಷ್ಟ. ಸರಿಯಾಗಿ ನಡೆಯುವವರ ಕಾಲು ಪ್ರತಿ ಹೆಜ್ಜೆಯಲ್ಲೂ ಸೊಂಟದಿಂದ ಹಿಂದಕ್ಕೆ ಹತ್ತು ಡಿಗ್ರಿಯಾದರೂ ಹೋಗುತ್ತದಂತೆ. ನನ್ನದು ನೇರ ನಿಲ್ಲುವುದೇ ಕಷ್ಟವಿತ್ತು.

ನಡುವೆ ಮಾತ್ರೆಯನ್ನೂ ನೋಡಿದೆ. ನರರೋಗ ತಜ್ಞರು ಬ್ಯಾಕ್ಲೋಫೆನ್ ಕೊಟ್ಟರು. ಬಿಗಿ ಇಳಿಯಿತು, ಜೊತೆಗೆ ಕಣ್ಣೂ ಇಳಿಯಿತು. ಹಣ ಎಣಿಸುವ ಕೆಲಸದಲ್ಲಿ ತೂಕಡಿಸಿದರೆ ಆಗುತ್ತದಾ? ಅದಕ್ಕಿಂತ ಹೆಚ್ಚಾಗಿ, ನಿಂತಾಗ ಕಾಲು ಸೋತು ಹೋದ ಹಾಗೆ ಅನಿಸಿತು. ಆಗ ಗೊತ್ತಾಗಿದ್ದು, ಈ ಬಿಗಿಯಲ್ಲಿ ಒಂದು ಪಾಲು ನನ್ನನ್ನು ಎತ್ತಿ ನಿಲ್ಲಿಸಿಕೊಂಡಿದೆ ಅಂತ. ಡಾಕ್ಟರ್ ನಿಧಾನವಾಗಿ ಡೋಸ್ ಇಳಿಸಿ ನಿಲ್ಲಿಸಿದರು. ಆ ಮಾತ್ರೆಯನ್ನು ಇದ್ದಕ್ಕಿದ್ದ ಹಾಗೆ ಬಿಡಬಾರದು, ಅಪಾಯ. ತೆಗೆದುಕೊಳ್ಳುತ್ತಿರುವವರು ದಯವಿಟ್ಟು ನೆನಪಿಟ್ಟುಕೊಳ್ಳಿ.

ಕ್ಯಾಲಿಪರ್ ವಿಷಯ ಬೇರೆಯೇ ಒಂದು ಪುರಾಣ. ಬಲಗಾಲಿಗೆ ಪ್ಲಾಸ್ಟಿಕ್‌ನ ಎಎಫ್‌ಒ, ಅಂದರೆ ಕಣಕಾಲು ಮತ್ತು ಪಾದವನ್ನು ಹಿಡಿದಿಡುವ ಕ್ಯಾಲಿಪರ್, ಮಾಡಿಸಿದೆ. ಹಾಕಿಕೊಂಡರೆ ತುದಿ ಕೆರೆಯುವುದಿಲ್ಲ, ಬ್ಯಾಂಕಿನ ತನಕ ನಿಲ್ಲದೆ ಬರಬಹುದು. ಆದರೆ ಅದಕ್ಕೆ ಶೂ ಬೇಕು, ನಮ್ಮ ಬದುಕು ನಡೆಯುವುದು ಚಪ್ಪಲಿಯಲ್ಲಿ. ಯಾರ ಮನೆಗೆ ಹೋದರೂ ಬಾಗಿಲಲ್ಲಿ ಕೂತು ಪಟ್ಟಿ ಬಿಚ್ಚಬೇಕು. ನಂಜನಗೂಡಿನ ದೇವಸ್ಥಾನಕ್ಕೆ ಹೋದರೆ ಬರಿಗಾಲು, ಕೆಳಗೆ ಒದ್ದೆ ಕಲ್ಲು, ಜೊತೆಗೆ ನೂಕುನುಗ್ಗಲು. ಇದನ್ನು ವಿನ್ಯಾಸ ಮಾಡಿದವರು ನಮ್ಮ ಹೊಸ್ತಿಲನ್ನು ನೋಡಿರಲಿಕ್ಕಿಲ್ಲ. ಬಸ್ಸು, ಬ್ಯಾಂಕಿಗೆ ಎಎಫ್‌ಒ, ಉಳಿದ ಕಡೆ ಬೇಡ ಅಂತ ರಾಜಿ ಮಾಡಿಕೊಂಡಿದ್ದೇನೆ.

ಪಾದ ನಡುಗುವುದಕ್ಕೆ, ಕ್ಲೋನಸ್ ಅನ್ನುತ್ತಾರೆ, ಒಂದು ಉಪಾಯ ಕಲಿತೆ. ಬಸ್ಸಿನ ಮೆಟ್ಟಿಲಿಗೆ ಪಾದದ ತುದಿ ಮಾತ್ರ ಇಟ್ಟರೆ ಕಾಲು ಹೊಲಿಗೆ ಯಂತ್ರ ಶುರು ಮಾಡುತ್ತದೆ, ಹಿಂದಿನವರು ಹೆದರುತ್ತಾರೆ. ಕೈಯಿಂದ ಮಂಡಿಯನ್ನು ಕೆಳಕ್ಕೆ ಒತ್ತಿ ಭಾರವನ್ನು ಹಿಮ್ಮಡಿಗೆ ಬಿಟ್ಟರೆ ನಿಲ್ಲುತ್ತದೆ.

ಒಂದು ವರ್ಷ ದಾಟಿದ ಮೇಲೆ ಮತ್ತೆ ಅಳೆದರು. ಬಲ ಕಣಕಾಲಿನಲ್ಲಿ ಕೆಲವೇ ಡಿಗ್ರಿ ವ್ಯತ್ಯಾಸ. ಗೋನಿಯೋಮೀಟರ್‌ನಲ್ಲಿ ಅಳೆಯುವವರ ಕೈಯ ತಪ್ಪೇ ಐದು ಡಿಗ್ರಿ ಇರಬಹುದು, ಹಾಗಾಗಿ ಅದನ್ನು ಗೆಲುವು ಅನ್ನಲು ಅವರು ಬಿಡಲಿಲ್ಲ. ಸೊಂಟದ ಮುಂಭಾಗ ನಿಜವಾಗಿಯೂ ಬಿಟ್ಟಿದೆ, ಮಂಚದ ತುದಿಯಿಂದ ತೊಡೆ ಈಗ ಕೆಳಗಿಳಿಯುತ್ತದೆ. ಹತ್ತು ಮೀಟರ್ ನಡೆಯುವ ವೇಗ ಮೊದಲಿನಷ್ಟೇ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತೇನೆ ಅನ್ನುವುದರಲ್ಲಿ ಕಾಣುವಷ್ಟು ಏರಿಕೆ. ನನಗೆ ಬೇಕಾಗಿದ್ದದ್ದೂ ಅದೇ. ಓಡಿ ಬಸ್ಸು ಹಿಡಿಯುವ ಆಸೆ ಎಂದೂ ಇರಲಿಲ್ಲ, ನಡುವೆ ನಿಲ್ಲದೆ ಮುಟ್ಟಿದರೆ ಸಾಕಿತ್ತು. ಸಂಜೆಯ ಮಂಡಿ ನೋವು ವಾರದಲ್ಲಿ ಒಂದೆರಡು ದಿನಕ್ಕೆ ಇಳಿದಿದೆ. ಇದರಲ್ಲಿ ಎಳೆದದ್ದರ ಪಾಲೆಷ್ಟು, ಬಲ ಬಂದದ್ದರ ಪಾಲೆಷ್ಟು, ಪ್ಲಾಸ್ಟಿಕ್‌ನ ಪಾಲೆಷ್ಟು ಅಂತ ಬಿಡಿಸಿ ಹೇಳಲಾರೆ. ಜ್ವರ ಬಂದು ಒಂದಷ್ಟು ದಿನ ಏನೂ ಮಾಡದೆ ಇದ್ದಾಗ ಮೊದಲು ಹಿಂದಕ್ಕೆ ಹೋದದ್ದು ಸೊಂಟ. ಹಾಗಾಗಿ ಬೋರಲು ಮಲಗುವುದು ಇನ್ನು ಜೀವನಪೂರ್ತಿ ಅಂತ ಒಪ್ಪಿಕೊಂಡಿದ್ದೇನೆ.

ನಿಮಗೂ ಸಿಪಿ ಇದ್ದು ಇದನ್ನು ಓದುತ್ತಿದ್ದರೆ, ನನ್ನ ವ್ಯಾಯಾಮಗಳನ್ನು ನಕಲು ಮಾಡಬೇಡಿ. ನನ್ನ ಎರಡು ಕಾಲುಗಳಿಗೇ ಒಂದೇ ಪಟ್ಟಿ ಹೊಂದಲಿಲ್ಲ, ನಿಮ್ಮ ಕಾಲಿಗೆ ಹೇಗೆ ಹೊಂದೀತು? ಯಾರ ಹತ್ತಿರ ಹೋದರೂ ಜೋರಾಗಿ ಒಮ್ಮೆ, ನಿಧಾನವಾಗಿ ಒಮ್ಮೆ ತಳ್ಳಿ ಅಳೆಯಲು ಕೇಳಿ. ಚಿಕ್ಕಂದಿನ ಆಪರೇಷನ್ ಕಾಗದ ಇದ್ದರೆ ತೆಗೆದುಕೊಂಡು ಹೋಗಿ. ಮೀನಖಂಡ ಎಳೆಯುವ ಮೊದಲು ಅದಕ್ಕೆ ಎಷ್ಟು ಬಲ ಇದೆ ಅಂತಲೂ ನೋಡಿಸಿ.

ಬಲಗಾಲಿನ ಮೀನಖಂಡಕ್ಕೆ ಬೊಟಾಕ್ಸ್ ಇಂಜೆಕ್ಷನ್ ಹಾಕಿಸುವ ಮಾತು ಈಗ ನಡೆಯುತ್ತಿದೆ. ಮೂರು ನಾಲ್ಕು ತಿಂಗಳು ಬಿಗಿ ಇಳಿಯುತ್ತದೆ, ಆ ಅವಧಿಯಲ್ಲಿ ಬಲ ಕಟ್ಟಬೇಕು. ಖರ್ಚು ಜಾಸ್ತಿ, ಇಂಜೆಕ್ಷನ್ನಿನ ಪರಿಣಾಮ ಮುಗಿದ ನಂತರ ಏನು ಅನ್ನುವ ಪ್ರಶ್ನೆ ಬೇರೆ. ಫಿಸಿಯೋ ಹಾಕಿಸಿ ಅನ್ನುತ್ತಾರೆ. ಅಮ್ಮ ಬೇಡ ಅನ್ನುತ್ತಾರೆ. ಹಾಕಿಸಿದರೆ ಮೊದಲ ವಾರಗಳಲ್ಲಿ ವ್ಯಾಯಾಮ ಮಾಡಲು ಕೆಲಸಕ್ಕೆ ರಜೆ ಹಾಕಬೇಕಾಗುತ್ತದೆ, ವರ್ಷದ ಲೆಕ್ಕ ಮುಗಿಯುವ ತನಕ ಬ್ಯಾಂಕಿನಲ್ಲಿ ರಜೆ ಕೇಳುವ ಹಾಗಿಲ್ಲ. ಏಪ್ರಿಲ್‌ನಲ್ಲಿ ನೋಡೋಣ ಅಂದಿದ್ದೇನೆ.